ಹುಲಿಗೆಮ್ಮ ತೆಗೆದ ಚೌಕ

ನಾನೊಂದು ಕಂಪ್ಯೂಟರ್. ಹೊಸ ಪೆಟ್ಟಿಗೆಯಲ್ಲಿ ಮೆರೆದು ಬಂದವನಲ್ಲ. ಬಳ್ಳಾರಿಯ ರಿಪೇರಿ ಅಂಗಡಿಯೊಂದರಲ್ಲಿ ಕೆಟ್ಟುಹೋದ ನಾಲ್ಕು ಯಂತ್ರಗಳ ಭಾಗ ಕೂಡಿಸಿ ನನಗೆ ಜೀವ ಕೊಟ್ಟರು. ಎರಡು ವರ್ಷ ಟೈಪಿಂಗ್ ಶಾಲೆಯಲ್ಲಿ ದುಡಿದೆ. ಅದು ಮುಚ್ಚಿದಾಗ ಜೀನ್ಸ್ ಕಾರ್ಖಾನೆಯ ಮಾಲೀಕ ನಾಗಭೂಷಣ ನನ್ನನ್ನು ತಂದು, ಹೊಲಿಗೆ ಯಂತ್ರಗಳ ಎದುರಿಗೇ ಇಟ್ಟ.

ನನ್ನ ಪರದೆಯ ಮೇಲೆ ಒಬ್ಬೊಬ್ಬ ಕೆಲಸಗಾರರಿಗೂ ಒಂದೊಂದು ಚೌಕ. ಯಾರು ಯಾರಿಗೆ ಹೇಳಬೇಕು ಎಂಬುದಕ್ಕೆ ಗೆರೆ. ಗೆರೆ ಬದಲಿಸಿದರೆ ಸಾವಿರ ಪ್ಯಾಂಟು ಎಷ್ಟು ದಿನಕ್ಕೆ ಮುಗಿಯುತ್ತದೆಂದು ಸಾಫ್ಟ್‌ವೇರ್ ತೋರಿಸುತ್ತಿತ್ತು.

"ಹುಲಿಗೆಮ್ಮಾರ, ಹಿಂದ ಮುಂದ ಮಾಡಿ ನೋಡ್ರಿ. ಕೆಟ್ರ ಇದರಾಗ ಕೆಡತೈತಿ, ಕಾರ್ಖಾನ್ಯಾಗಲ್ಲ," ಎಂದ ಮಾಲೀಕ.

ಹುಲಿಗೆಮ್ಮ ಹದಿನಾರು ವರ್ಷದಿಂದ ಅಲ್ಲಿನ ಸೂಪರ್‌ವೈಸರ್. ನನ್ನನ್ನು ಹಾವಿನ ಬುಟ್ಟಿಯಂತೆ ನೋಡಿದಳು. "ಯಾರನ್ನೋ ಮನೀಗೆ ಕಳಸಾಕ ಹೂಡಿದ ಆಟ ಇದು," ಎಂದು ಜೇಬು ಹೊಲಿಯುವ ದುರುಗವ್ವನ ಕಿವಿಯಲ್ಲಿ ಉಸುರಿದಳು. ಊಟದ ಹೊತ್ತಿಗೆ ನನಗೆ ಬಟ್ಟೆ ಹೊದಿಸುತ್ತಿದ್ದಳು. ಅವರ ಮಾತು ಕದ್ದು ಕೇಳುತ್ತೇನೆಂಬ ಗುಮಾನಿ. ಮಾಲೀಕನ ಮೇಲೆ ನನಗೂ ಗುಮಾನಿಯೇ. ಯಾರು ಯಾವ ಗೆರೆ ಮುಟ್ಟಿದರೆಂದು ಅವನು ದಿನಾ ಇಣುಕುತ್ತಿದ್ದ.

ಆದರೂ ಆಕೆಯ ಕೈ ಸುಮ್ಮನಿರಲಿಲ್ಲ. ಒಮ್ಮೆ ಎಲ್ಲ ಗೆರೆಗಳನ್ನೂ ತನ್ನ ಚೌಕಕ್ಕೇ ತಂದು ಕಟ್ಟಿದಳು. ಹನ್ನೊಂದು ದಿನದ ಕೆಲಸ ಹದಿಮೂರಕ್ಕೆ ಏರಿತು. ಇನ್ನೊಮ್ಮೆ ಹೆಂಗಸರನ್ನು ಮೂರು ಗುಂಪು ಮಾಡಿದಳು: ಹತ್ತು. ಕೊನೆಗೆ ತನ್ನ ಚೌಕವನ್ನೇ ತೆಗೆದು, ಹೊಲಿಯುವವರನ್ನು ಕಟಿಂಗ್ ಮಾಸ್ತರ್ ಮಹಬೂಬನಿಗೆ ನೇರ ಜೋಡಿಸಿದಳು.

ಏಳು.

ಮತ್ತೆ ನೋಡಿದಳು. ಏಳೇ. ಸುತ್ತ ಕಣ್ಣಾಡಿಸಿ, ಅದನ್ನು ಅಳಿಸಿಬಿಟ್ಟಳು. ಈಕೆಯೂ ಕಳ್ಳಿ ಎಂದುಕೊಂಡೆ.

ಮೂರು ದಿನ ನನ್ನ ಕಡೆ ತಿರುಗಲಿಲ್ಲ. ನಾಲ್ಕನೆಯ ದಿನ ಜೇಬಿನ ತುಂಡುಗಳು ಗಿಡ್ಡವಾಗಿ ಬಂದವು. ಹುಲಿಗೆಮ್ಮ ಗೋದಾಮಿನಲ್ಲಿದ್ದಳು. ದುರುಗವ್ವ ಒಂದು ತಾಸು ತುಂಡು ಹಿಡಿದು ಕಾದು ನಿಂತಳು. ಅತ್ತ ತಪ್ಪು ಅಳತೆಯಲ್ಲೇ ಕತ್ತರಿ ಓಡುತ್ತಿತ್ತು.

"ಮಾಸ್ತರ್‌ಗೆ ಹೋಗಿ ಹೇಳಬಾರದೇನಬೇ?" ಎಂದಳು ಹುಲಿಗೆಮ್ಮ, ಓಡಿಬಂದು.

"ನಿಮ್ಮನ್ನ ಕೇಳಲಾರದ ಹೆಂಗ ಹೋಗ್ಲಿ ಅಕ್ಕಾ?"

ಹುಲಿಗೆಮ್ಮ ಆ ಗಿಡ್ಡ ತುಂಡನ್ನು ಆಕೆಯ ಕೈಯಿಂದ ತೆಗೆದುಕೊಂಡಳು. ನನ್ನ ಮುಂದೆ ಕೂತು, ಅಳಿಸಿದ್ದನ್ನು ಮತ್ತೆ ಕಟ್ಟಿ, ಮಾಲೀಕನನ್ನು ಕರೆದಳು.

"ನನ್ನ ಚೌಕನ ಅಡ್ಡ ಐತ್ರಿ. ತಗದು ತೋರಿಸೀನಿ. ಆದ್ರ ಚೌಕ ತಗದೀನಿ, ನಾ ಹೋಗಾಕಿ ಅಲ್ಲ. ಹೊಸಬರಿಗೆ ಕೆಲಸ ಕಲಸ್ತೀನಿ."

ನಾಗಭೂಷಣ ಪರದೆಯ ಮೇಲಿನ ಏಳನ್ನು ನೋಡಿದ. "ಆತು," ಎಂದ. ಹುಲಿಗೆಮ್ಮ ಅದನ್ನು ಕಾಗದದಲ್ಲಿ ಬರೆಸಿಕೊಂಡೇ ಎದ್ದಳು.

ಏಳು ದಿನ ಎಂದದ್ದು ಒಂಬತ್ತಾಯಿತು. ಹೆಂಗಸರು ನೇರವಾಗಿ ತಪ್ಪು ತೋರಿಸಿದರೆ ಮಹಬೂಬ್ ಮಾಸ್ತರ್ ಮುಖ ಗಂಟಿಕ್ಕುತ್ತಾನೆಂದು ನನಗೆ ಯಾರು ಹೇಳಿದ್ದರು?

ಈಗ ನಾನು ದಾರದ ಉಂಡೆಗಳ ನಡುವೆ ಧೂಳು ತಿನ್ನುತ್ತಿದ್ದೇನೆ. ಚೌಕ, ಗೆರೆ ಎಲ್ಲ ಮಸುಕಾಗಿವೆ. ಮಾಲೀಕನ ಮನಸ್ಸಿನಲ್ಲಿ ಏನಿತ್ತೋ, ಇಂದಿಗೂ ತಿಳಿಯದು. ಆದರೆ ಎರಡನೆಯ ಸಲ ತನ್ನ ಹೆಸರಿನ ಚೌಕವನ್ನು ತಾನೇ ತೆಗೆಯುವ ಮುನ್ನ ಹುಲಿಗೆಮ್ಮನ ಬೆರಳು ಎಷ್ಟು ಸಲ ಗುಂಡಿಯವರೆಗೆ ಬಂದು ಹಿಂದೆ ಸರಿದಿತ್ತೆಂದು ನಾನೊಬ್ಬನೇ ಬಲ್ಲೆ.