ಚೌತಿಯವರೆಗಿನ ಗೀಟುಗಳು

ನಾನು ಒಂದು ಗೋಡೆ ಕ್ಯಾಲೆಂಡರ್. ಗದಗಿನ ಮುದ್ರಣಾಲಯವೊಂದರಲ್ಲಿ ಹುಟ್ಟಿದೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ನನ್ನ ಮೈಮೇಲಿವೆ. ನನ್ನ ಆಯುಷ್ಯ ಒಂದೇ ವರ್ಷ ಎಂದುಕೊಂಡಿದ್ದೆ.

ಕಿರಾಣಿ ಅಂಗಡಿಯವರು ನನ್ನನ್ನು ಫಕೀರವ್ವನಿಗೆ ಪುಕ್ಕಟೆ ಕೊಟ್ಟರು. ಸಂಕ್ರಾಂತಿ ಮುಗಿದೊಡನೆ ಅವಳು ಲಂಡನ್ನಿನಲ್ಲಿ ನಮ್ಮ ಕಡೆಯವರದೇ ಒಂದು ಮನೆಗೆ ಅಡುಗೆ ಕೆಲಸಕ್ಕೆ ಹೊರಟಳು. ಮಗಳು ರೇಣವ್ವ ತನ್ನ ಫೋನ್ ನಂಬರನ್ನು ನನ್ನ ಬೆನ್ನಿಗೆ ಬರೆದು, ಸುರುಳಿ ಸುತ್ತಿ ಅವ್ವನ ಚೀಲಕ್ಕೆ ಹಾಕಿದಳು.

ಅವಳು ಬಂದಿಳಿದ ದಿನವೇ ಆ ಮನೆಯವರು ಅವಳ ಪಾಸ್‌ಪೋರ್ಟನ್ನೂ ಫೋನನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಪಗಾರವಿಲ್ಲ, ಹೊಸ್ತಿಲು ದಾಟುವಂತಿಲ್ಲ. ನನ್ನನ್ನು ಮಾತ್ರ ಯಾರೂ ಕಸಿಯಲಿಲ್ಲ. ಪುಕ್ಕಟೆ ಬಂದ ಕಾಗದಕ್ಕೆ ಯಾರು ಹೆದರುತ್ತಾರೆ? ಉಗ್ರಾಣದ ಬಾಗಿಲ ಹಿಂದೆ ನೇತಾಡಿದೆ. ಕೆಲಸ ಮುಗಿದ ಮೇಲೆ ಅವಳು ಆ ದಿನದ ಮೇಲೆ ಕಾಡಿಗೆಯಿಂದ ಒಂದು ಗೀಟು ಎಳೆಯುತ್ತಿದ್ದಳು.

"ಓಡಿ ಹೋದ್ರ ಊರಾಗ ನಮ್ಮಣ್ಣ ಅದಾನ. ನಿನ್ನ ಮಗಳನ್ನ ದುಡಿಯಾಕ ಹಚ್ಚತಾನ" ಎಂದು ಯಜಮಾನ ಹೆದರಿಸಿದ್ದ.

ಆಗಸ್ಟ್ ೩೧ ಚೌತಿ. ಕಡುಬು ಮಾಡಿ ಬಡಿಸಿದಳು, ಗೀಟು ಎಳೆದಳು. ಮರುದಿನ ಬೆಳಿಗ್ಗೆ ಅವರು ಹಿತ್ತಲ ಬಾಗಿಲ ಬೀಗ ಮರೆತರು. ಮಗಳ ನಂಬರಿಗಾಗಿ ನನ್ನನ್ನು ಕಿತ್ತುಕೊಂಡು ಫಕೀರವ್ವ ಓಡಿದಳು. ಠಾಣೆಯಲ್ಲಿ ಪೊಲೀಸರು ಓಡಿಬಂದ ದಿನ ಸೆಪ್ಟೆಂಬರ್ ೧ ಎಂದು ಬರೆದುಕೊಂಡರು, ನನ್ನ ಬೆನ್ನಿನ ನಂಬರಿಗೆ ಫೋನ್ ಹಚ್ಚಿಕೊಟ್ಟರು. ರೇಣವ್ವ ಅಂದೇ ಊರು ಬಿಟ್ಟು ಚಿಕ್ಕಮ್ಮನ ಮನೆ ಸೇರಿದಳು.

ವಾಪಸ್ ಹೋದರೆ ಯಜಮಾನನ ಅಣ್ಣ ಬಿಡುವವನಲ್ಲ. ಫಕೀರವ್ವ ಲಂಡನ್ನಿನಲ್ಲೇ ಉಳಿಯಲು ಆಶ್ರಯ ಕೇಳಿ ಅರ್ಜಿ ಹಾಕಿದಳು. ಮರುವರ್ಷ ಅಧಿಕಾರಿ, ಓಡಿದ್ದು ಯಾವಾಗ ಎಂದು ಕೇಳಿದರು. "ಚೌತಿ ಮರುದಿನಾ ರೀ" ಎಂದಳು. ನಮ್ಮವರಿಗೆ ಹಬ್ಬವೇ ತಾರೀಖು. ಆದರೆ ಹಬ್ಬ ಪ್ರತಿ ವರ್ಷ ಜಾಗ ಬದಲಿಸುತ್ತದೆ. ದುಭಾಷಿ ಓಡಿದ ವರ್ಷದ್ದು ಬಿಟ್ಟು ಈ ವರ್ಷದ ಚೌತಿ ಹಿಡಿದು, ಅದರ ಮರುದಿನ ಸೆಪ್ಟೆಂಬರ್ ೧೯ ಎಂದುಬಿಟ್ಟ. ಎರಡು ಕಡೆ ಎರಡು ತಾರೀಖು, ಇವಳ ಮಾತು ನಂಬಲಾಗದು ಎಂದು ಅರ್ಜಿ ತಿರಸ್ಕಾರವಾಯಿತು. ನನಗೆ ಸಿಟ್ಟು ಬಂತು. ಉತ್ತರ ನನ್ನ ಮೈಮೇಲೇ ಇತ್ತು, ಕೇಳುವವರಿರಲಿಲ್ಲ.

ಮೇಲ್ಮನವಿಗೆ ವಕೀಲರು ಧಾರವಾಡದ ವೈಜಯಂತಿ ಎಂಬ ದುಭಾಷಿಯನ್ನು ಕರೆಸಿದರು.

"ಯಾವ ವರ್ಷದ ಚೌತಿ, ಅವ್ವಾ?" ಎಂದು ಕೇಳಿದಳು.

ಫಕೀರವ್ವ ಚೀಲದಿಂದ ನನ್ನನ್ನು ತೆಗೆದಳು.

ನ್ಯಾಯಾಧೀಶರು ನನ್ನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಏಳೂವರೆ ತಿಂಗಳ ಗೀಟುಗಳು ಚೌತಿಗೆ ನಿಂತಿದ್ದವು. ಪೊಲೀಸರ ತಾರೀಖು ಸರಿಯಾಗಿ ಅದರ ಮರುದಿನದ್ದು. ಕೆಲವು ವಾರಗಳ ನಂತರ ತೀರ್ಪು ಬಂತು: ಅವಳು ಇಲ್ಲೇ ಇರಬಹುದು.

ಈಗ ಅವಳದೇ ಕೋಣೆಯ ಗೋಡೆಯಲ್ಲಿದ್ದೇನೆ. ತೋರಿಸುವ ವಾರ, ತಿಥಿ ಎಲ್ಲ ಹಳೆಯವು. ಮೊನ್ನೆ ಬಂದಿದ್ದ ವೈಜಯಂತಿ, ಸೆಪ್ಟೆಂಬರ್ ಒಂದಕ್ಕೂ ಒಂದು ಗೀಟು ಹಾಕಿಬಿಡಿ ಎಂದಳು.

ಫಕೀರವ್ವ ಆ ಖಾಲಿ ಚೌಕವನ್ನು ಬೆರಳಿನಿಂದ ಸವರಿದಳು.

"ಬ್ಯಾಡವಾ. ಗೀಟ ಹೊಡದದ್ದು ಅವರ ದಿನಾ. ಇದು ನಂದು."