ಜರಡಿಯ ಆಚೆ ಹೊಸ ಕೋಳಿ

"ನಿನ್ ಬಾಯಾಗ ಮಣ್ಣ್ ಹಾಕ! ಸುಮ್ನಿರ್ತೀಯೋ ಇಲ್ಲೋ?"

ಭೀಮವ್ವ ಪೊರಕೆ ಹಿಡಿದು ಮನೆಯ ಹಳೆಯ ಕೆಂಪು ಕೋಳಿಯ ಬೆನ್ನು ಹತ್ತಿದಳು. ಸಂಡೂರು ಸಂತೆಯಿಂದ ಎಳೆಕೋಳಿಗಳನ್ನು ತಂದು ಎರಡೇ ದಿನವಾಗಿತ್ತು. ಪದ್ಧತಿಯಂತೆ ಒಂದೊಂದನ್ನೂ ಒಲೆ ಸುತ್ತಿಸಿ, "ಇದ ನಿಮ್ಮನಿ, ಓಡಿ ಹೋಗಬ್ಯಾಡ್ರಿ" ಎಂದು ಹೇಳಿ, ನೇರ ಹಳೆಯವುಗಳ ನಡುವೆ ಬಿಟ್ಟಿದ್ದಳು. ಅವು ತಾವಾಗಿ ಓಡಲಿಲ್ಲ, ಹಳೆಯ ಕೋಳಿಗಳೇ ಕುಕ್ಕಿ ಓಡಿಸಿದವು. ಎರಡು ರಸ್ತೆಗೆ ಬಿದ್ದು ಅದಿರು ಲಾರಿಗೆ ಸಿಕ್ಕವು. ಉಳಿದವುಗಳ ನೆತ್ತಿಯಲ್ಲಿ ರಕ್ತ. ಮಗಳು ಪಲ್ಲವಿಗೆ ದೀಪಾವಳಿ ಹೊತ್ತಿಗೆ ಹೆರಿಗೆ. ಬಾಣಂತಿಗೆ ಮನೆಯ ಮೊಟ್ಟೆ ತಿನ್ನಿಸಬೇಕೆಂದೇ ತಂದ ಕೋಳಿಗಳಿವು. ಭೀಮವ್ವನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ಪಕ್ಕದ ಮನೆಯ ನಿಂಗಕ್ಕ ಗೋಡೆ ಮೇಲಿಂದ ಇಣುಕಿದಳು. ಅವಳ ಮನೆಯಲ್ಲೂ ಕೋಳಿಗಳಿದ್ದವು.

"ಒಲಿ ಸುತ್ತಿಸಿದ್ರ ಮರಿಗೆ ಮನಿ ಗೊತ್ತಾಕ್ಕೈತಿ. ಹಳೇ ಕೋಳಿಗೆ ಮರಿ ಗೊತ್ತಾಗಬ್ಯಾಡೇನು?"

"ಎಲಿ ಅಡಿಕಿ ಕೊಟ್ಟು ಪರಿಚಯ ಮಾಡಿಸ್ಲೇನು? ನಂಗ ಬ್ಯಾರೆ ಕೆಲ್ಸ ಇಲ್ಲೇನಕ್ಕ!"

"ನೀ ಸೊಸಿಯಾಗಿ ಬಂದಾಗ ನಿಮ್ಮತ್ತಿ ಎಷ್ಟ್ ದಿನ ಕುಕ್ಕಿದ್ಲು?"

"ಈಗೂ ಕುಕ್ಕತಾಳ!"

ಒಳಗಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು.

ನಿಂಗಕ್ಕ ನಕ್ಕಳು. "ಕೇಳಿಲ್ಲಿ. ಹೊಸಾವನ್ನ ಮೂರ್ನಾಲ್ಕು ವಾರ ದೂರ ಇಡು. ರೋಗ ಇದ್ರ ಅಲ್ಲೇ ತಿಳೀತೈತಿ. ದನದ ದವಾಖಾನ್ಯಾಗ ಲಸಿಕಿ ಹಾಕಿಸು. ಹಳೇವಷ್ಟು ದೊಡ್ಡವಾದ ಮ್ಯಾಲ ನಡುವ ಜಾಳಗಿ ಕಟ್ಟಿ, ಒಂದ್ವಾರ ಬರೇ ಮುಖ ನೋಡ್ಕೊಳ್ಳಾಕ ಬಿಡು."

"ಜಾಳಗಿ ಎಲ್ಲಿಂದ ತರ್ಲಿ?"

ಭೀಮವ್ವನ ಹಿತ್ತಲ ಗೋಡೆಗೆ ಒರಗಿಸಿದ್ದ ಜರಡಿಯನ್ನು ನಿಂಗಕ್ಕ ತೋರಿಸಿದಳು. ಭೀಮವ್ವನ ಗಂಡ ನಾಗೇಂದ್ರಪ್ಪ ಅದಿರು ಸೋಸಿ ಸೋಸಿ ಸವೆಸಿದ ದೊಡ್ಡ ಜರಡಿ ಅದು.

"ನನ್ ಜರಡಿ ಕೋಳಿಗೇನು?" ಜಗಲಿ ಮೇಲಿಂದ ನಾಗೇಂದ್ರಪ್ಪ ಗೊಣಗಿದ.

"ಕೋಳಿಗಲ್ರಿ, ನಿಮ್ಮ ಮಗಳ ಬಾಣಂತನಕ್ಕ!" ಭೀಮವ್ವ ಗದರಿದಳು. ಅವನೇ ಎದ್ದು ಜರಡಿಯ ಧೂಳು ಕೊಡವಿದ.

ಗಾಯಕ್ಕೆ ಅರಿಶಿನ ಹಚ್ಚಿ, ಲಸಿಕೆ ಹಾಕಿಸಿ, ಮರಿಗಳನ್ನು ಹಿತ್ತಲ ಕೊನೆಯಲ್ಲಿ ಬೇರೆ ಇಟ್ಟರು. ಬೆಳೆದ ಮೇಲೆ ಹಳೆಯವುಗಳ ಹತ್ತಿರ ತಂದು, ನಡುವೆ ಜರಡಿ ಅಡ್ಡ ಕಟ್ಟಿ, ಅದರ ಆಚೆ ಬಿಟ್ಟರು. ಕೆಂಪು ಕೋಳಿ ಜರಡಿಯನ್ನೇ ಕುಕ್ಕಿ ಕುಕ್ಕಿ ಬೇಸತ್ತು, ತನ್ನ ಪಾಡಿಗೆ ಕೆದಕತೊಡಗಿತು. ಆಮೇಲೆ ಒಂದು ಸಂಜೆ, ಕಾಳು ನೀರು ನಾಲ್ಕು ಕಡೆ ಇಟ್ಟು ಜರಡಿ ತೆಗೆದರು. ಒಂದೆರಡು ಕುಕ್ಕಾಟ ಆಯಿತು. ಭೀಮವ್ವ ಮತ್ತೆ ಪೊರಕೆ ಎತ್ತಿದಳು.

"ರಕ್ತ ಬರದಿದ್ರ ಸುಮ್ನಿರು," ಎಂದಳು ನಿಂಗಕ್ಕ. "ಯಾರು ಹಿರೇರು ಅಂತ ಅವೇ ತೀರ್ಮಾನ ಮಾಡ್ಕೊಂತಾವ."

ದೀಪಾವಳಿ ಕಳೆದು, ಬಾಣಂತಿ ಪಲ್ಲವಿ ಬಿಸಿ ಮೊಟ್ಟೆ ಸುಲಿಯುತ್ತ ಕೇಳಿದಳು: "ಇದು ಯಾವ ಕೋಳೀದವ್ವ?"

"ಲಾರಿಗೆ ಸಿಗದಂಗ ಉಳಿದಿದ್ದರದು, ತಿನ್ನು," ಎಂದು ಭೀಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕಂದಿರೇ, ಹೊಸ ಕೋಳಿ ತಂದರೆ ಒಲೆ ಸುತ್ತಿಸಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ದೂರ ಇಡಿ, ಲಸಿಕೆ ಹಾಕಿಸಿ, ಜಾಳಿಗೆಯ ಆಚೆಯಿಂದ ಮುಖ ಪರಿಚಯ ಮಾಡಿಸಿ, ಆಮೇಲೆ ಸೇರಿಸಿ. ಅವಸರಕ್ಕೆ ಭೀಮವ್ವನ ಎರಡು ಮರಿಗಳು ರಸ್ತೆಯಲ್ಲಿ ಹೋದವು. ನಿಮ್ಮವು ಹೋಗುವುದು ಬೇಡ.