ಎರಡೇ ದಿನದ ಮುಲಾಮು

ನಾನು ಒಂದು ಮುಲಾಮಿನ ಟ್ಯೂಬು. ಕಾರ್ಖಾನೆಯ ಯಂತ್ರ ನನ್ನ ಹೊಟ್ಟೆಗೆ ಬಿಳಿ ಲೇಪ ತುಂಬಿ, ಬಾಲ ಮಡಚಿ ಒತ್ತಿದ ಗಳಿಗೆಯೇ ನನ್ನ ಹುಟ್ಟು. ನನ್ನೊಳಗೆ ಎರಡು ಔಷಧಿ ಬೆರೆತಿದ್ದವು. ಒಂದು ಚರ್ಮದ ಶಿಲೀಂಧ್ರವನ್ನು ಕೊಲ್ಲುವಂಥದ್ದು. ಇನ್ನೊಂದು ಸ್ಟೀರಾಯ್ಡ್. ಅದು ಏನನ್ನೂ ಕೊಲ್ಲುವುದಿಲ್ಲ, ತುರಿಕೆಯ ಬಾಯಿ ಮುಚ್ಚಿಸುತ್ತದೆ, ಅಷ್ಟೆ. ಜನ ನನ್ನನ್ನು ಮೆಚ್ಚಿದ್ದು ಇದಕ್ಕೇ.

ಗದಗಿನ ಕಡೆಯ ಒಂದು ಔಷಧಿ ಅಂಗಡಿಗೆ ಬಂದು ಕುಳಿತೆ. ಒಂದು ಮಧ್ಯಾಹ್ನ ನೀಲವ್ವ ಬಂದಳು. ಹದಿನೇಳರ ಹುಡುಗಿ, ಕ್ರೀಡಾ ಹಾಸ್ಟೆಲಿನಲ್ಲಿದ್ದು ಕುಸ್ತಿ ಕಲಿಯುತ್ತಿದ್ದವಳು. ತೋಳು ತಿರುಗಿಸಿ ತೋರಿಸಿದಳು. ಅಲ್ಲೊಂದು ಕೆಂಪು ಉಂಗುರ. ಅಂಚು ಉಬ್ಬಿ ಹೊಟ್ಟು ಏಳುತ್ತಿತ್ತು, ನಡುವಿನ ಚರ್ಮ ಮಾತ್ರ ತಿಳಿಯಾಗಿತ್ತು.

"ಹುಳಕಡ್ಡಿ ಐತವಾ. ಇದನ್ನ ಹಚ್ಚು, ಎರಡ ದಿನದಾಗ ತುರಿಕಿ ನಿಂದರತೈತಿ," ಎಂದ ಅಂಗಡಿಯವ.

ನಿಂತೇಬಿಟ್ಟಿತು. ಅವಳು ನನ್ನನ್ನು ಟ್ರಂಕಿಗೆ ಹಾಕಿದಳು. ವಾರದೊಳಗೆ ಉಂಗುರ ಮರಳಿತು, ಸೊಂಟಕ್ಕೂ ಇಳಿಯಿತು. ಮತ್ತೆ ಹಚ್ಚಿದಳು, ಮತ್ತೆ ಬಿಟ್ಟಳು. ಬೆವರಿನ ಬಟ್ಟೆಯಲ್ಲೇ ಸಂಜೆಯವರೆಗೆ ಇರುತ್ತಿದ್ದಳು. ಜೋಡಿಯಾಗಿ ಪಟ್ಟು ಕಲಿಯುತ್ತಿದ್ದ ಗೆಳತಿ ಜುಬೇದಾಳಿಗೂ ಅವಳಿಗೂ ಒಂದೇ ಟವೆಲು.

ರಾಜ್ಯದ ತಂಡದ ಆಯ್ಕೆಗೆ ಇನ್ನು ಎರಡು ತಿಂಗಳಿತ್ತು. ಅವಳ ವಯಸ್ಸಿನ ಗುಂಪಿಗೆ ಅದೇ ಕೊನೆಯ ವರ್ಷ. ತಪ್ಪಿದರೆ ಹಾಸ್ಟೆಲು ಬಿಡಬೇಕು, ಊರಲ್ಲಿ ಅವ್ವ ವರ ಗೊತ್ತುಮಾಡಿ ಕಾಯುತ್ತಿದ್ದಳು. ಆಯ್ಕೆ ಹತ್ತಿರವಾದಂತೆ ನೀಲವ್ವ ನನ್ನನ್ನು ದಿನಕ್ಕೆ ಮೂರು ಸಲ ಹಿಂಡಿದಳು. ಚರ್ಮ ತೆಳುವಾಯಿತು. ಉಂಗುರದೊಳಗೆ ಉಂಗುರಗಳು ಎದ್ದವು.

ಆಯ್ಕೆಯ ದಿನ ತೂಕಕ್ಕೆ ಮೊದಲು ವೈದ್ಯೆಯೊಬ್ಬರು ಎಲ್ಲರ ಚರ್ಮ ನೋಡಿದರು.

"ಏನ ಹಚ್ಚಿದ್ದಿ?"

ನೀಲವ್ವ ಚೀಲದಿಂದ ನನ್ನನ್ನು ತೆಗೆದು ಕೊಟ್ಟಳು. ಅವರು ನನ್ನ ಮೈಮೇಲಿನ ಸಣ್ಣಕ್ಷರ ಓದಿದರು.

"ಇದರಾಗ ಸ್ಟೀರಾಯ್ಡ್ ಐತಿ. ಮ್ಯಾಲಿನ ಉರಿ ಆರಸ್ತೈತಿ, ಒಳಗ ರೋಗ ಬೆಳಸ್ತೈತಿ. ಬರೇ ಶಿಲೀಂಧ್ರದ ಮುಲಾಮು ಹಚ್ಚಬೇಕಿತ್ತು, ಉಂಗುರದಾಚಿಗೂ ಎರಡ ಬೆರಳು. ಗುಣಾದ ಮ್ಯಾಲೂ ಎರಡ ವಾರ ಬಿಡಬಾರದಿತ್ತು. ಟವೆಲ್ ಬ್ಯಾರೆ ಇಟ್ಟು, ಬೆವರಿನ ಅರಿವಿ ಬಿಸಲಾಗ ಒಣಗಸಬೇಕಿತ್ತು. ಈಗ ಗುಳಿಗಿನ ಗತಿ, ಅದೂ ಭಾಳ ದಿನ."

"ಇವತ್ತೊಂದ ದಿನ ಆಡಾಕ ಬಿಡ್ರಿ ಮೇಡಂ."

"ಹ್ಯಾಂಗ ಬಿಡ್ಲಿ ತಂಗಿ? ಮ್ಯಾಟ್ ಮ್ಯಾಲೆ ಎಲ್ಲಾರಿಗೂ ಹತ್ತತೈತಿ."

ನೀಲವ್ವ ಅಳಲಿಲ್ಲ. ಬೂಟಿನ ದಾರ ಬಿಚ್ಚಿ, ಗೋಡೆಗೆ ಒರಗಿ ಕುಳಿತು ಕುಸ್ತಿ ನೋಡಿದಳು. ತಾನು ಎರಡು ಸಲ ಚಿತ್ ಮಾಡಿದ್ದ ಹುಡುಗಿಯೇ ಗೆದ್ದಳು. ಸ್ವಲ್ಪ ಹೊತ್ತಿಗೆ ಜುಬೇದಾ ಬಂದು ಪಕ್ಕದಲ್ಲಿ ಕುಳಿತಳು.

"ನಂದೂ ಹೋತು," ಎಂದಳು. ಅವಳ ಕುತ್ತಿಗೆಯ ಮೇಲೂ ಉಂಗುರವಿತ್ತು.

ನೀಲವ್ವ ಅವಳ ಮುಖ ನೋಡಲಾರದೆ ಹೋದಳು. ಮರುದಿನ, ವೈದ್ಯೆ ಮರಳಿಸಿದ್ದ ನನ್ನನ್ನು ಹಾಸ್ಟೆಲಿನ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು, ಟ್ರಂಕು ಹೊತ್ತು ಊರಿನ ಬಸ್ಸು ಹತ್ತಿದಳು. ಶ್ರಾವಣದಲ್ಲಿ ಅವಳ ಮದುವೆಯಾಯಿತೆಂದು ಜುಬೇದಾ ಯಾರಿಗೋ ಹೇಳುವಾಗ ಕೇಳಿಸಿಕೊಂಡೆ.

ನಾನು ಆ ಕಟ್ಟೆಯ ಮೇಲೇ ಉಳಿದೆ, ಚಪ್ಪಟೆಯಾಗಿ, ಮೈತುಂಬ ಮಡಿಕೆಗಳೊಂದಿಗೆ. ನಾನು ಕೊಟ್ಟ ಸುಖ ಸುಳ್ಳಲ್ಲ, ಆದರೆ ಅದು ಗುಣವೂ ಆಗಿರಲಿಲ್ಲ. ಅದನ್ನು ಹೇಳಲು ನನಗೆ ಬಾಯಿಲ್ಲ.

ಈ ವರ್ಷ ಸೇರಿದ ಹುಡುಗಿಯೊಬ್ಬಳು ಇಂದು ಮೊಣಕೈ ಕೆರೆದುಕೊಳ್ಳುತ್ತ ಬಂದಳು. ನನ್ನನ್ನು ಎತ್ತಿ, ಬೆಳಕಿಗೆ ಹಿಡಿದು, "ಇನ್ನೂ ಸ್ವಲ್ಪ ಐತಿ," ಎಂದು ಮುಚ್ಚಳ ತಿರುವಿದಳು.